ಮಗಳಿಗೊಂದು ಪತ್ರ: ಅಜ್ಜಿಗಿತ್ತು, ನನಗಿತ್ತು, ಈಗ ನಿನಗೆ

ಪುಟ್ಟಿ,

"ಅಮ್ಮಾ, ಇದು ನಿನ್ನಿಂದಲೇ ಬಂತಾ?" ಅಂತ ನಿನ್ನೆ ನಿನ್ನ ಪ್ಯಾನಿಕ್ ಡಿಸಾರ್ಡರ್ ಬಗ್ಗೆ, ಅದೇ ಇದ್ದಕ್ಕಿದ್ದಂತೆ ವಿಪರೀತ ಭಯ ನುಗ್ಗಿ ಎದೆ ಹೊಡೆದುಕೊಳ್ಳುವ ಈ ಕಾಯಿಲೆಯ ಬಗ್ಗೆ, ಕೇಳಿದೆಯಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ವಲ್ಪ ಮಟ್ಟಿಗೆ ಹೌದು. ನನಗೆ ನಮ್ಮಮ್ಮನಿಂದ ಬಂದಿರಬೇಕು. ಬಸ್ಸು ತುಂಬಿತೆಂದರೆ ಅವಳ ಅಂಗೈ ಒದ್ದೆಯಾಗುತ್ತಿತ್ತು. ಕತ್ತಿನ ಹತ್ತಿರ ಸೆರಗು ಸಡಿಲಿಸಿಕೊಂಡು "ಉಸಿರು ಸಾಲ್ತಿಲ್ಲ ಕಣೇ, ಇಳಿದುಬಿಡೋಣ" ಅನ್ನುತ್ತಿದ್ದಳು. ಕೆಲವರು ದೃಷ್ಟಿ ಅಂದರು, ಕೆಲವರು ಗ್ಯಾಸ್ ಅಂದರು. ಇಸಿಜಿ ಮಾತ್ರ ಪ್ರತಿ ಸಲವೂ ಸರಿಯಾಗೇ ಇರುತ್ತಿತ್ತು. ಪ್ಯಾನಿಕ್ ಡಿಸಾರ್ಡರ್ ಎಂಬ ಹೆಸರು ನಮ್ಮ ಮನೆಗೆ ಗೊತ್ತಾಗಿದ್ದು ನನ್ನ ಕಾಲಕ್ಕೆ.

ಕುಟುಂಬಗಳ, ಅವಳಿಗಳ ಅಧ್ಯಯನಗಳನ್ನೆಲ್ಲ 2001ರಲ್ಲಿ ಅಮೆರಿಕದ ಸಂಶೋಧಕರು ಒಟ್ಟಿಗೆ ಲೆಕ್ಕ ಹಾಕಿದಾಗ ಇದರಲ್ಲಿ ಅನುವಂಶೀಯತೆಯ ಪಾಲು ಶೇ. 40ರ ಆಸುಪಾಸು ಬಂತು. ಹಾಗೆಂದರೆ ನಿನ್ನ ಹೊಟ್ಟೆಯಲ್ಲಿ ಹುಟ್ಟುವ ಮಗುವಿಗೆ ಬರುವ ಸಾಧ್ಯತೆ ಶೇ. 40 ಅಂತಲ್ಲ! ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಜನರ ನಡುವಿನ ಈ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಅಷ್ಟು. ಒಂದೇ ಜೀನ್‌ಗಳ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ರೋಗಿಗಳ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಬರುವುದೇ ಇಲ್ಲ. ಇದಕ್ಕೆಂದೇ ಒಂದು ಜೀನ್ ಇಲ್ಲ, ಅಲ್ಪಸ್ವಲ್ಪ ಪ್ರಭಾವ ಬೀರುವ ಹತ್ತಾರು ಇವೆ. ಆದ್ದರಿಂದ ಆನ್‌ಲೈನ್‌ನ ಜೀನ್ ಪರೀಕ್ಷೆಗೆ ದುಡ್ಡು ಹಾಕಬೇಡ.

ಹಾಗಾದರೆ ವಂಶದಲ್ಲಿ ಇಳಿದು ಬರುವುದೇನು? ನನಗೆ ತುಂಬ ಸಮಾಧಾನ ಕೊಟ್ಟ ವಿಷಯ ಇದು. ಶೇ. 35ರಷ್ಟು ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಒಂದೇ ಒಂದು ಸಲ ಎಳೆದುಕೊಂಡರೂ ಪ್ಯಾನಿಕ್ ಡಿಸಾರ್ಡರ್ ಇರುವ ಅನೇಕರಿಗೆ ಅಲ್ಲೇ ಪ್ಯಾನಿಕ್ ಅಟ್ಯಾಕ್ ಆಗುತ್ತದೆ. ಯಾವ ತೊಂದರೆಯೂ ಇಲ್ಲದ ಅವರ ಹತ್ತಿರದ ರಕ್ತಸಂಬಂಧಿಗಳೂ ಉಳಿದವರಿಗಿಂತ ಜಾಸ್ತಿ ಬೆಚ್ಚುತ್ತಾರೆ. ಉಸಿರುಗಟ್ಟಿತು ಎಂದು ಬೇಗ ಕೂಗಿಕೊಳ್ಳುವ ದೇಹ ನಮ್ಮದು. ಅಜ್ಜಿಯದು ಪುಕ್ಕಲು ಸ್ವಭಾವವಾಗಿರಲಿಲ್ಲ, ನಿನ್ನದೂ ಅಲ್ಲ.

ದೇಹ ಹೀಗಿದ್ದರೂ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಅದನ್ನು ನಾನೇ ಕಂಡಿದ್ದೇನೆ. ಸಿಬಿಟಿ, ಅಂದರೆ ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ, ಬಿಡಬೇಡ. ಕಾಫಿ ಕಡಿಮೆ ಮಾಡು. ಥೈರಾಯ್ಡ್ ಒಮ್ಮೆ ನೋಡಿಸು, ಅದು ಏರುಪೇರಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ನನಗೆ ಫೋನ್ ಮಾಡು. ನಾನು ಎತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರಿಗೆ ಅಜ್ಜಿಯ ವಿಷಯ, ನನ್ನ ವಿಷಯ ಎರಡನ್ನೂ ಹೇಳು. ನನಗೆ ಇದಕ್ಕೆ ಕೊಟ್ಟ ಎಸ್ಸಿಟಲೋಪ್ರಾಮ್ ಮಾತ್ರೆ ಒಗ್ಗಿತ್ತು ಅಂತಲೂ ಹೇಳು, ಮಾತ್ರೆ ಆರಿಸುವಾಗ ಅವರಿಗೆ ಅನುಕೂಲವಾಗುತ್ತದೆ. ಹಬ್ಬಕ್ಕೆ ಬಂದಾಗ ನನ್ನ ಬೀರುವಿನಿಂದ ನೀನೇ ತೆಗೆದುಕೊಂಡು ನುಂಗಬೇಡ, ಅಷ್ಟೆ.

ನಿನ್ನ
ಅಮ್ಮ