ಗಿರಣಿಯ ಅಧ್ಯಾಯದ ಬಗ್ಗೆ

ಪ್ರಿಯರೇ,

ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣವನ್ನು ಕುರಿತ ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಅದನ್ನು ಹರಿದುಹಾಕುವ ಮನಸ್ಸಾಗಿದೆ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅಧ್ಯಾಯಗಳ ಜೋಡಣೆ, ಪ್ರಕಾಶಕರ ಹುಡುಕಾಟ ಇವೆಲ್ಲ ತಾವಾಗಿ ದಾರಿಗೆ ಬರುತ್ತವೆ. ನನ್ನ ತಕರಾರು ಒಂದೇ: ಹನ್ನೆರಡನೆಯ ಶತಮಾನದ ನಿಮ್ಮ ಮಠಾಧಿಪತಿ ಸ್ಯಾಮ್ಸನ್ ಪುಟಪುಟಕ್ಕೂ ಗುಡುಗುತ್ತಾನೆ, ಆದರೆ ಅವನ ಮಠದ ಆದಾಯದ ಮೂಲ ಯಾವುದೆಂಬುದು ಇಡೀ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಆ ಊರಿನಲ್ಲಿ ಮಠವೇ ಭೂಮಾಲೀಕ. ಹಿಂದೆ ಉಳುಮೆಯ ಹೊಲವಾಗಿದ್ದ ನೆಲದಲ್ಲಿ 342 ಮನೆಗಳು ಎದ್ದಿದ್ದವೆಂದು ರಾಜನು ಮಾಡಿಸಿದ ಭೂಮಿ-ಆಸ್ತಿಗಳ ಗಣತಿಯಾದ 1086ರ ಡೂಮ್ಸ್‌ಡೇ ದಾಖಲೆ ಹೇಳುತ್ತದೆ. ಒಂದು ಕಾಲಕ್ಕೆ ಮಠದ ಪೈರು ಕೊಯ್ದುಕೊಡಬೇಕಿದ್ದ ನಿವಾಸಿಗಳ ಮೇಲೆ ಆ ದುಡಿಮೆಯ ಬದಲಿಗೆ ಮನೆಗೊಂದು ಪೆನ್ನಿ ಬಿತ್ತು. ಕೊಡಲಾಗದ ಬಡವರ ಮನೆಗಳಿಂದ, ಮಠದ ಉಗ್ರಾಣ ನೋಡಿಕೊಳ್ಳುವ ಸನ್ಯಾಸಿಯಾದ ಉಗ್ರಾಣಿಯ ಆಳುಗಳು ಮುಕ್ಕಾಲಿಗಳನ್ನೂ ಬಾಗಿಲುಗಳನ್ನೂ ಹೊತ್ತೊಯ್ಯುತ್ತಿದ್ದರೆ, ಮುದುಕಿಯರು ನೂಲುವ ಕೋಲು ಹಿಡಿದು ಬೈಯುತ್ತ ಹೊರಬರುತ್ತಿದ್ದರು. ಇದನ್ನು ಬರೆದಿಟ್ಟವನು ಪಟ್ಟಣಿಗನಲ್ಲ, ಅದೇ ಮಠದ ಸನ್ಯಾಸಿ ಜೋಸೆಲಿನ್. ಆ ಮುದುಕಿಯರನ್ನು ನೀವು ಹೇಗೆ ಬಿಟ್ಟಿರೋ ನನಗೆ ಅರ್ಥವಾಗುತ್ತಿಲ್ಲ!

ಇನ್ನು ಗಾಳಿಗಿರಣಿಯ ಅಧ್ಯಾಯ. ಡೀನ್ ಪದವಿಯ ಪಾದ್ರಿ ಹರ್ಬರ್ಟ್ ಸ್ಯಾಮ್ಸನ್‌ನ ಅನುಮತಿಯಿಲ್ಲದೆ ಗಿರಣಿ ಕಟ್ಟಿದ; ಗಾಳಿಯ ಪ್ರಯೋಜನವನ್ನು ಯಾರಿಗೂ ನಿರಾಕರಿಸಬಾರದೆಂದೂ, ತನ್ನ ಧಾನ್ಯವನ್ನಷ್ಟೇ ಬೀಸಿಕೊಳ್ಳುವೆನೆಂದೂ ವಾದಿಸಿದ. ಅದನ್ನು ಕೆಡವುವವರೆಗೆ ರೊಟ್ಟಿ ಮುಟ್ಟುವುದಿಲ್ಲವೆಂದು ಸ್ಯಾಮ್ಸನ್ ಆಣೆಯಿಟ್ಟ. ನೀವು ಇಲ್ಲಿ ಹರ್ಬರ್ಟನ ಬಾಯಲ್ಲಿ ಸ್ವಾತಂತ್ರ್ಯದ ಭಾಷಣವನ್ನೇ ಇಟ್ಟು ಜನರಿಂದ ಜಯಕಾರ ಹಾಕಿಸಿದ್ದೀರಿ. ಆದರೆ ಸ್ಯಾಮ್ಸನ್‌ನ ಭಯವನ್ನು ಗಮನಿಸಿ: ಪಟ್ಟಣಿಗರು ಆ ಗಿರಣಿಗೆ ಹರಿದುಹೋದರೆ, ಅವರು ಸ್ವತಂತ್ರರಾದ್ದರಿಂದ, ಕಾನೂನಿನಂತೆ ತಾನು ಅವರನ್ನು ದಂಡಿಸಲಾರೆ ಎನ್ನುತ್ತಾನೆ. ಅಂದರೆ ಈ ಜಗಳ ಮಠದ ಗಿರಣಿಗಳಿಗೆ ಬರುತ್ತಿದ್ದ ಬೀಸುವ ಕೂಲಿಯದು; ಅದರ ಎರಡೂ ಕಡೆ ಪಾದ್ರಿಗಳೇ ಇದ್ದಾರೆ. ಕೊನೆಗೆ ಹರ್ಬರ್ಟ್ ಮಗನ ಮಾತು ಕೇಳಿ ತನ್ನ ಆಳುಗಳಿಂದಲೇ ಗಿರಣಿಯನ್ನು ಬಿಚ್ಚಿಸಿದ್ದರಿಂದ, ಕೆಡವಲು ಬಂದವರಿಗೆ ಅಲ್ಲಿ ಏನೂ ಸಿಗಲಿಲ್ಲ. ನಿಮ್ಮ ಜಯಕಾರಕ್ಕಿಂತ ಈ ಸೋಲು ಎಷ್ಟು ಚೆನ್ನಾಗಿದೆ ನೋಡಿ.

ಗೇಣಿ, ತೆರಿಗೆಗಳ ವಿವರ ಓದುಗರಿಗೆ ಬೇಸರ ತರಿಸುತ್ತದೆಂದು ನಿಮ್ಮ ಮಿತ್ರರು ಹೇಳಿದರಂತೆ. ಹಿಂದೊಮ್ಮೆ ಒಬ್ಬ ಸಂಪಾದಕರು ಇದೇ ಮಾತು ಹೇಳಿ ನನ್ನ ಲೇಖನದಿಂದ ಲೆಕ್ಕದ ಪುಟಗಳನ್ನು ಕಿತ್ತುಹಾಕಿ, ಉಳಿದದ್ದನ್ನು ಬಾಯಿತುಂಬ ಹೊಗಳಿದರು. ಆ ಹೊಗಳಿಕೆಯನ್ನು ನಾನಿನ್ನೂ ಕ್ಷಮಿಸಿಲ್ಲ. ಸನ್ಯಾಸಿಯೊಬ್ಬ ಬಾಗಿಲು ಜಪ್ತಿ ಮಾಡಿಸಿದ್ದು ಬೇಸರದ ಸಂಗತಿಯೆನ್ನುವವರಿಗಾಗಿ ನೀವೇಕೆ ಬರೆಯಬೇಕು?

1327ರಲ್ಲಿ ಪಟ್ಟಣಿಗರು ಮಠಕ್ಕೆ ನುಗ್ಗಿ ಸನ್ನದುಗಳನ್ನು ಕಿತ್ತುಕೊಂಡ ಅಧ್ಯಾಯ ರಭಸವಾಗಿದೆ, ಆದರೆ ಅವರ ಸಿಟ್ಟಿಗೆ ಕಾರಣವೇ ಕಾಣುವುದಿಲ್ಲ. ಅದನ್ನು ಸದ್ಯಕ್ಕೆ ಮುಟ್ಟಬೇಡಿ. ಮೊದಲು ಉಗ್ರಾಣಿಯ ವಸೂಲಿಯನ್ನು ಬರೆದು, ಗಿರಣಿಯ ಅಧ್ಯಾಯವನ್ನು ತಿದ್ದಿ, ಎರಡನ್ನೂ ನನಗೆ ಕಳುಹಿಸಿ.

ಆಶೀರ್ವಾದಗಳೊಂದಿಗೆ.