ಮಳೆಗೆ ಹೋದ ಪಾಠದ ದಿನಗಳನ್ನು ಮಕ್ಕಳಿಗೆ ವಾಪಸ್ ಕೊಡಿ: ನಾಪೋಕ್ಲು ಹೋಬಳಿ ಪೋಷಕರ ಮನವಿ

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಕೊಡಗು, ಮಡಿಕೇರಿ.

ಇಂದ: ನಾಪೋಕ್ಲು ಹೋಬಳಿಯ ಸರ್ಕಾರಿ ಪ್ರಾಥಮಿಕ ಶಾಲೆ ಮಕ್ಕಳ ಪೋಷಕರು ಮತ್ತು ಗ್ರಾಮಸ್ಥರು.

ವಿಷಯ: ವರ್ಷಕ್ಕೆ ಕನಿಷ್ಠ ಇಷ್ಟು ದಿನ, ಇಷ್ಟು ಗಂಟೆ ಪಾಠ ಆಗಲೇಬೇಕೆಂಬ ನಿಯಮವನ್ನು ಕೊಡಗಿನ ಮಳೆಗೆ ಹೊಂದುವಂತೆ ಜಾರಿ ಮಾಡುವ ಬಗ್ಗೆ.

ಮಾನ್ಯರೇ,

ಮಳೆ ರಜೆ ಕೊಡಬೇಡಿ ಎಂದು ಕೇಳಲು ನಾವು ಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿಯಿತು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. ಇಷ್ಟೆಲ್ಲ ಕಂಡ ಮೇಲೂ ಗಾಳಿ ಮಳೆಯಲ್ಲಿ ಮಗುವನ್ನು ಶಾಲೆಗೆ ಅಟ್ಟಿ ಎಂದು ಯಾರು ಹೇಳುತ್ತಾರೆ? ನಾವು ಕೇಳುವುದು ಇಷ್ಟೇ: ರಜೆ ಕೊಟ್ಟ ದಿನದ ಪಾಠ ಮತ್ತೆ ಯಾವಾಗ ಆಗುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಪಾಠ. 6ರಿಂದ 8ಕ್ಕೆ 220 ದಿನ, 1000 ಗಂಟೆ. ದಿನದ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಗಂಟೆಯ ಲೆಕ್ಕ ಯಾರೂ ಎತ್ತುವುದಿಲ್ಲ. 220 ದಿನಕ್ಕೆ 1000 ಗಂಟೆ ಎಂದರೆ ದಿನಕ್ಕೆ ಹೆಚ್ಚುಕಮ್ಮಿ ನಾಲ್ಕೂವರೆ ಗಂಟೆ ಪಾಠ. ಶನಿವಾರ ಬೆಳಗ್ಗೆ ಬಂದ ಮಕ್ಕಳು ಮಧ್ಯಾಹ್ನದೊಳಗೆ ಮನೆಯಲ್ಲಿರುತ್ತಾರೆ. ಅದೂ ಒಂದು ದಿನ, ಸೋಮವಾರವೂ ಒಂದು ದಿನ. ಹೀಗೆ ಕೂಡಿಸುತ್ತಾ ಹೋದರೆ ದಿನ ತುಂಬುತ್ತದೆ, ಗಂಟೆ ತುಂಬುವುದಿಲ್ಲ.

ನಮ್ಮ ಕಡೆ ಒಬ್ಬರೇ ಮೇಷ್ಟ್ರು ಇರುವ ಶಾಲೆಗಳಿವೆ. ಅವರು ತರಬೇತಿಗೋ ಮೀಟಿಂಗಿಗೋ ಹೋದ ದಿನ ಶಾಲೆ ಬಾಗಿಲು ತೆರೆದಿರುತ್ತದೆ, ಬಿಸಿಯೂಟವೂ ಆಗುತ್ತದೆ. ಅಡುಗೆಯವರೇ ಮಕ್ಕಳನ್ನು ಸುಮ್ನೆ ಕೂರಿಸಿಕೊಂಡಿರುತ್ತಾರೆ. ಪುಸ್ತಕದಲ್ಲಿ ಅದು ಕೆಲಸದ ದಿನ. ಮೇಷ್ಟ್ರ ಮೇಲೆ ನಮ್ಮ ದೂರಿಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೂ 2025ರ ಅಕ್ಟೋಬರ್‌ನಲ್ಲಿ, ಶಿಕ್ಷಕರನ್ನು ಹಚ್ಚಿದ್ದ ರಾಜ್ಯದ ಜಾತಿ ಸಮೀಕ್ಷೆ ಮುಗಿದಿಲ್ಲವೆಂದು ದಸರಾ ರಜೆಯೇ 18ರವರೆಗೆ ಬೆಳೆಯಿತು. ಬೇರೆ ಜಿಲ್ಲೆಗೆ ಅದೊಂದೇ ಹೊಡೆತ. ನಮಗೆ ಅದು ಮಳೆ ರಜೆಯ ಮೇಲೆ ಬಂದ ಇನ್ನೊಂದು.

ಇನ್ನು ರಜೆ ಕೊಡುವ ರೀತಿ. ಭಾಗಮಂಡಲದಲ್ಲಿ ಸುರಿಯುವ ಮಳೆಗೂ ಕುಶಾಲನಗರದ ಮಳೆಗೂ ಎಲ್ಲಿಂದೆಲ್ಲಿಗೆ ಹೋಲಿಕೆ? ಇಲ್ಲಿ ಹೊಳೆ ತುಂಬಿ ರಸ್ತೆಗೆ ಬಂದಿರುವಾಗ ಅಲ್ಲಿ ಮಕ್ಕಳು ಬಿಸಿಲಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಇಡೀ ಜಿಲ್ಲೆಗೆ ಒಂದೇ ರಜೆ ಘೋಷಿಸಿದರೆ ಅವರ ಪಾಠ ಸುಮ್ಮನೆ ಹೋಯಿತು ಅಲ್ವಾ? ಅದಕ್ಕಿಂತ ಬೇಜಾರಿನ ಸಂಗತಿ, ರಜೆಯ ಸುದ್ದಿ ಬೆಳಗ್ಗೆ ಬರುವುದು. ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆಯ) ಮಗು ರೇನ್‌ಕೋಟ್ ಹಾಕಿಕೊಂಡು, ಚೀಲವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು, ತೋಟದ ದಾರಿಯಲ್ಲಿ ಜಿಗಣೆ ಕೀಳುತ್ತಾ ಗೇಟಿನ ಹತ್ತಿರ ಬಂದಾಗ ಯಾರದೋ ವಾಟ್ಸಾಪ್‌ನಲ್ಲಿ ಮೆಸೇಜ್: ಇಂದು ರಜೆ. ಒಳಗೆ ಊಟದ ಅಕ್ಕಿ ತೊಳೆದಾಗಿರುತ್ತದೆ. ಅಪ್ಪ ಅಮ್ಮ ಆಗಲೇ ತೋಟದ ಕೆಲಸಕ್ಕೆ ಹೋಗಿಯಾಗಿದೆ. ಮಗು ಖಾಲಿ ಮನೆಗೆ ಒಂಟಿಯಾಗಿ ವಾಪಸ್ ನಡೆಯಬೇಕು, ಅದೇ ಮಳೆಯಲ್ಲಿ.

ಇದಕ್ಕೆ ದಾರಿ ತಮ್ಮ ಕೈಯಲ್ಲೇ ಇದೆ ಎಂದು ನಾವು ತಿಳಿದಿದ್ದೇವೆ. ಕಾಯ್ದೆಯ 9ನೇ ಸೆಕ್ಷನ್ ಶೈಕ್ಷಣಿಕ ವೇಳಾಪಟ್ಟಿ ನಿರ್ಧರಿಸುವ ಕೆಲಸವನ್ನು ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟಿದೆ. ಜಿಲ್ಲಾ ಪಂಚಾಯತ್ ಆ ಮಾತಿನೊಳಗೆ ಬರುತ್ತದೆ. ರಾಯಚೂರಿನಲ್ಲಿ ಬೇಸಿಗೆ ರಜೆ ಬಿಸಿಲಿಗಾಗಿ. ನಮ್ಮಲ್ಲಿ ಏಪ್ರಿಲ್ ಎಂದರೆ ಮಗು ನಡೆದುಕೊಂಡು ಶಾಲೆಗೆ ಹೋಗಲು ತುಂಬಾ ಒಳ್ಳೆಯ ತಿಂಗಳು. ಕಷ್ಟದ ತಿಂಗಳು ಜುಲೈ, ಆಗಸ್ಟ್. ಹಾಗಾಗಿ 1ರಿಂದ 8ನೇ ತರಗತಿಗೆ ಜುಲೈ ಕೊನೆಯಿಂದ ಎರಡು ವಾರ ಮಳೆ ರಜೆಯನ್ನು ಮೊದಲೇ ಗೊತ್ತು ಮಾಡಿ, ಏಪ್ರಿಲ್ 10ಕ್ಕೆ ಮುಗಿಸುವ ಬದಲು ಏಪ್ರಿಲ್ ಕೊನೆಯವರೆಗೆ ಶಾಲೆ ನಡೆಸಲು ಸಾಧ್ಯವೇ ನೋಡಬೇಕು. ಇದಕ್ಕೆ ರಾಜ್ಯದ ಒಪ್ಪಿಗೆ ಬೇಕೆಂದಾದರೆ ಜಿಲ್ಲಾ ಪಂಚಾಯತ್‌ನಿಂದಲೇ ಪ್ರಸ್ತಾವ ಹೋಗಲಿ.

ಈ ಮಾತಿಗೆ ನಮ್ಮಲ್ಲೇ ಎಲ್ಲರೂ ತಲೆ ಆಡಿಸಲಿಲ್ಲ. ಏಪ್ರಿಲ್‌ನಲ್ಲಿ ಮದುವೆಗಳು, ಕೊಡವ ಹಾಕಿ ಹಬ್ಬ. ಯಾವ ಮಗು ಶಾಲೆಗೆ ಬರುತ್ತದೆ ಎಂದು ಕೆಲವರು ನಕ್ಕರು. ಮಾತಿನಲ್ಲಿ ಹುರುಳಿದೆ. ಬೇಸಿಗೆಗೆ ಊರಿಗೆ ಹೋಗುವ ಶಿಕ್ಷಕರಿಗೂ ತೊಂದರೆ. ಅದಕ್ಕೇ ಎರಡು ವಾರ ಎಂದೆವು, ಎರಡು ತಿಂಗಳು ಎನ್ನಲಿಲ್ಲ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಹೆಚ್ಚುವರಿ ತರಗತಿ ಇಡುವುದಂತೂ ಬೇಡ. ಕೂಲಿ ಕುಟುಂಬದ ದೊಡ್ಡ ಮಕ್ಕಳು ಆಗ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾ ತೋಟದಲ್ಲಿರುತ್ತಾರೆ. ಅವರಿಗಾಗಿ ಇಟ್ಟ ತರಗತಿಗೆ ಅವರೇ ಇರುವುದಿಲ್ಲ.

ವೇಳಾಪಟ್ಟಿ ಬದಲಾಗಲು ಸಮಯ ಹಿಡಿಯಬಹುದು. ಅಲ್ಲಿಯವರೆಗೆ ಈ ವರ್ಷದಿಂದಲೇ ಆಗಬಹುದಾದ ಕೆಲಸಗಳಿವೆ. ಪ್ರತಿ ಶಾಲೆಯ ನೋಟಿಸ್ ಬೋರ್ಡಿನಲ್ಲಿ ತಿಂಗಳಿಗೊಮ್ಮೆ ನಿಜವಾಗಿ ಪಾಠ ನಡೆದ ದಿನ ಮತ್ತು ಗಂಟೆ ಬರೆದು ಹಾಕಿಸಿ. ಶಿಕ್ಷಕರೇ ಇಲ್ಲದ ದಿನವನ್ನು ಅದರಲ್ಲಿ ಸೇರಿಸುವುದು ಬೇಡ. ಆ ಲೆಕ್ಕಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿ ಇರಲಿ. ಮಳೆ ರಜೆಯನ್ನು ಹೋಬಳಿವಾರು, ಹಿಂದಿನ ರಾತ್ರಿಯೇ ತಿಳಿಸುವ ವ್ಯವಸ್ಥೆ ಮಾಡುವಂತೆ ಜಿಲ್ಲಾಡಳಿತಕ್ಕೆ ಬರೆಯಿರಿ. ಫೆಬ್ರವರಿಯಲ್ಲಿ ಲೆಕ್ಕ ನೋಡಿದಾಗ ಯಾವ ಶಾಲೆ 200 ಅಥವಾ 220 ಮುಟ್ಟುವುದಿಲ್ಲ ಎಂದು ಕಾಣುತ್ತದೋ ಆ ಶಾಲೆಗೆ ಮಾತ್ರ ಹೆಚ್ಚುವರಿ ದಿನ ಕೊಡಿ. ಕುಶಾಲನಗರದ ಮಗು ನಮ್ಮ ಮಳೆಗೆ ದಂಡ ಕಟ್ಟುವುದು ಬೇಡ.

ಶಾಲೆ ಶುರುವಾಗುವ ಮೊದಲು, ಮೇ ತಿಂಗಳೊಳಗೆ, ನಮ್ಮ ಹೋಬಳಿಯ ಎಸ್‌ಡಿಎಂಸಿಗಳ ಜೊತೆ ಒಂದು ಸಭೆ ಕರೆಯಬೇಕಾಗಿ ಕೋರುತ್ತೇವೆ. ಜಾಗ ನಾಪೋಕ್ಲಿನಲ್ಲೇ ಆದರೆ ಅನುಕೂಲ. ಮಡಿಕೇರಿಗೆ ಬಂದು ಹೋಗಲು ಕೂಲಿಯವರಿಗೆ ಒಂದು ದಿನದ ಸಂಬಳ ಹೋಗುತ್ತದೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿಗಳು,
ನಾಪೋಕ್ಲು ಹೋಬಳಿಯ ಪೋಷಕರು ಮತ್ತು ಗ್ರಾಮಸ್ಥರು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಮಡಿಕೇರಿ, ಜಿಲ್ಲಾಧಿಕಾರಿಗಳು, ಕೊಡಗು ಜಿಲ್ಲೆ.