ಉಪವಾಸ ಬೇಡ, ಸರಿ. ಸತುವಿನ ಲೆಕ್ಕ ಹೇಳಿಕೊಡಿ

ಉಪನಿರ್ದೇಶಕರು,
ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ,
ಶಿವಮೊಗ್ಗ ಜಿಲ್ಲೆ

ಮಾನ್ಯರೆ,

ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಎರಡು ಸಾವಿರ ಮೊಟ್ಟೆಕೋಳಿಗಳನ್ನೂ ಒಂದೂವರೆ ಎಕರೆ ಅಡಿಕೆ ತೋಟವನ್ನೂ ನೋಡಿಕೊಂಡಿರುವವನು ನಾನು. ವಯಸ್ಸಾದ ಮೊಟ್ಟೆಕೋಳಿಯ ಪುಕ್ಕ ಉದುರಿಸಲು ಆಹಾರದಲ್ಲಿ ಸತು ಬೆರೆಸುವ ವಿಚಾರವಾಗಿ ಈ ಪತ್ರವನ್ನು ಟಪಾಲಿಗೆ ಹಾಕದೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ನನ್ನಂಥ ಸಾಕಣೆದಾರರೂ ಇದನ್ನು ಓದಲಿ ಎಂಬುದು ಅದಕ್ಕೆ ಕಾರಣ.

ಹಿತ್ತಲಿನ ನಾಟಿ ಕೋಳಿ ಹಗಲು ಕುಗ್ಗುವ ಕಾಲಕ್ಕೆ ತಾನಾಗಿಯೇ ಪುಕ್ಕ ಉದುರಿಸಿ, ಮೊಟ್ಟೆ ನಿಲ್ಲಿಸಿ, ಕೆಲವು ವಾರ ಪೆಚ್ಚಾಗಿ ಓಡಾಡಿಕೊಂಡಿದ್ದು ಮತ್ತೆ ಮೊಟ್ಟೆಗೆ ಬರುತ್ತದೆ. ಶೆಡ್ಡಿನಲ್ಲಿ ದೀಪದ ಬೆಳಕಿನಡಿ ಬದುಕುವ ಲೇಯರ್ ಕೋಳಿಗೆ ಆ ಬಿಡುವು ಸಿಗುವುದಿಲ್ಲ. ವಯಸ್ಸು 72 ವಾರ ದಾಟುವ ಹೊತ್ತಿಗೆ ಮೊಟ್ಟೆ ಇಳಿಯುತ್ತದೆ, ಚಿಪ್ಪು ತೆಳುವಾಗುತ್ತದೆ. ಆಗ ಮಾಂಸಕ್ಕೆ ಮಾರಬೇಕು, ಇಲ್ಲವೇ ತಾನಾಗಿ ಉದುರದ ಪುಕ್ಕ ಉದುರುವಂತೆ ಬಲವಂತ ಮಾಡಿ ಎರಡನೆಯ ಸುತ್ತಿನ ಮೊಟ್ಟೆಗೆ ಅಣಿಗೊಳಿಸಬೇಕು. ಹೊಸ ಮರಿಯ ಬೆಲೆ, ಅದು ಮೊಟ್ಟೆಗೆ ಬರುವ ತನಕದ ಆಹಾರದ ಖರ್ಚು ಎರಡನ್ನೂ ಕೂಡಿಸಿದರೆ ಸಣ್ಣವರಿಗೆ ಎರಡನೆಯ ದಾರಿಯೇ ಗತಿ.

ಮೊದಲು ನಾವು ಮಾಡುತ್ತಿದ್ದುದು ಉಪವಾಸ. ನಾನೂ ಮಾಡಿದ್ದೇನೆ, ಮುಚ್ಚಿಡುವುದಿಲ್ಲ. ದೀಪ ಆರಿಸಿ ಹತ್ತು ದಿನ ಆಹಾರ ನಿಲ್ಲಿಸಿದಾಗ ಖಾಲಿ ಫೀಡರ್ ಕುಕ್ಕುವ ಸದ್ದು ಜಗಲಿಯವರೆಗೆ ಕೇಳುತ್ತಿತ್ತು. ಅಷ್ಟು ದಿನವೂ ಅಮ್ಮ ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಉಪವಾಸ ಕೆಡವಿ ಪುಕ್ಕ ಉದುರಿಸುವುದನ್ನು ನಿಲ್ಲಿಸಬೇಕೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೇ ಹೇಳಿದೆ. ಹಸಿದ ಕೋಳಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಬೇಗ ತಗಲುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಆ ಬಗ್ಗೆ ನನ್ನ ತಕರಾರಿಲ್ಲ.

ಉಪವಾಸದ ಜಾಗಕ್ಕೆ ಈಗ ಸತು ಬಂದಿದೆ. ಕೋಳಿಯ ನಿತ್ಯದ ಅಗತ್ಯಕ್ಕೆ ಒಂದು ಕಿಲೊ ಆಹಾರದಲ್ಲಿ ನೂರು ಮಿಲಿಗ್ರಾಂ ಸತು ಧಾರಾಳವಾಯಿತು. ಪುಕ್ಕ ಉದುರಿಸಲು ಪ್ರಯೋಗಗಳಲ್ಲಿ ಬಳಸಿರುವುದು ಕಿಲೊಗೆ 20 ಗ್ರಾಂವರೆಗೆ, ಅಂದರೆ ಇನ್ನೂರು ಪಟ್ಟು. ಸತುವಿನ ಆಕ್ಸೈಡ್ ಎಂಬ ಬಿಳಿ ಪುಡಿಯ ರೂಪದಲ್ಲಿ ಅದು ಸುಮಾರು 25 ಗ್ರಾಂ. ಫೀಡರ್ ತುಂಬಿರುತ್ತದೆ, ಆದರೆ ಕೋಳಿಗೆ ತಿನ್ನುವ ಮನಸ್ಸೇ ಇರುವುದಿಲ್ಲ. ಕೆಲವೇ ದಿನಗಳಲ್ಲಿ ಮೊಟ್ಟೆ ನಿಂತು ಅಂಡಾಶಯ ಕುಗ್ಗುತ್ತದೆ. ಮಾಮೂಲಿ ಆಹಾರಕ್ಕೆ ಮರಳಿಸಿದ ಮೇಲೆ ಚೇತರಿಸಿಕೊಳ್ಳುತ್ತದೆ. ಇದೂ ಬೇರೆ ಹೆಸರಿನ ಉಪವಾಸವಲ್ಲವೇ ಎಂದು ಅಮ್ಮ ಕೇಳುತ್ತಾರೆ. ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಅದಕ್ಕಿಂತ ನನ್ನನ್ನು ಹೆದರಿಸುವುದು ಇದನ್ನು ಮಾಡುವ ರೀತಿ. ಪರಿಚಯದವರೊಬ್ಬರು ಬಿಳಿ ಪುಡಿಯನ್ನು ಸ್ಟೀಲ್ ಲೋಟದಲ್ಲಿ ಅಳೆದು, ನೆಲದ ಮೇಲೆ ಸಲಿಕೆಯಲ್ಲಿ ಕಲಸಿದರು. ನಯವಾದ ಪುಡಿ ರಾಶಿಯ ತಳ ಸೇರಿತು. ಶೆಡ್ಡಿನ ಒಂದು ತುದಿಯ ಕೋಳಿಗಳು ಮೊಟ್ಟೆ ನಿಲ್ಲಿಸಲೇ ಇಲ್ಲ, ಇನ್ನೊಂದು ತುದಿಯಲ್ಲಿ ಸಾಲಾಗಿ ಸತ್ತವು. ಆ ಪುಡಿ ಎಲ್ಲಿಂದ ಬಂತು ಎಂದು ಕೇಳಿದರೆ ಚೀಲದ ಮೇಲೆ ಚೀಟಿಯೇ ಇರಲಿಲ್ಲ. ಬಣ್ಣ, ರಬ್ಬರ್ ಕೆಲಸಕ್ಕೆ ತಯಾರಾದ ಸತುವಿನ ಆಕ್ಸೈಡಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಲೋಹಗಳು ಬೆರೆತಿರಬಹುದು. ಆ ದಿನಗಳ ಮೊಟ್ಟೆಯೂ ಮಾರುಕಟ್ಟೆಗೆ ಹೋಗುತ್ತದೆ, ಸತ್ತದ್ದನ್ನು ಬಿಟ್ಟು ಉಳಿದ ಕೋಳಿಯೂ ಹೋಗುತ್ತದೆ.

ಇನ್ನು ಗೊಬ್ಬರ. ತಿಂದ ಸತುವಿನ ಬಹುಪಾಲು ಹಿಕ್ಕೆಯಲ್ಲಿ ಹೊರಬರುತ್ತದೆ. ನನ್ನ ಎರಡು ಸಾವಿರ ಕೋಳಿ ಸತು ಬೆರೆಸಿದ ಆ ಆಹಾರವನ್ನು ದಿನಕ್ಕೆ ತಲಾ ಬರೀ 20 ಗ್ರಾಂನಂತೆ ಒಂದು ವಾರ ತಿಂದರೂ ಒಳಗೆ ಹೋಗುವುದು ಐದೂವರೆ ಕಿಲೊ ಸತು. ಗದ್ದೆಗೆ ಹಾಕುವ ಸತುವಿನ ಸಲ್ಫೇಟಿನ 25 ಕಿಲೊ ಚೀಲದಲ್ಲಿ ಇರುವುದೂ ಹೆಚ್ಚು ಕಡಿಮೆ ಅಷ್ಟೇ. ಎರಡೂವರೆ ಎಕರೆಗೆ ತೆಳುವಾಗಿ ಹರಡಿದರೆ ಗಾಬರಿಯೇನೂ ಬೇಡ. ಸತು ಕಡಿಮೆಯಿರುವ ಮಣ್ಣಿಗೆ ಒಳ್ಳೆಯದೇ ಆದೀತು. ಆದರೆ ನಾವು ಶೆಡ್ಡಿನ ಪಕ್ಕದ ನಾಲ್ಕು ಸಾಲು ಅಡಿಕೆ ಮರಗಳ ಬುಡಕ್ಕೇ ಪ್ರತಿ ಸಲವೂ ಸುರಿಯುತ್ತೇವೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಸತು ಸುಲಭವಾಗಿ ಕರಗುತ್ತದೆ. ನಮ್ಮ ಮಳೆಯಂತೂ ಗೊತ್ತೇ ಇದೆ: ಬಸಿಗಾಲುವೆಗೆ ಇಳಿದದ್ದು ಹಳ್ಳಕ್ಕೆ, ಹಳ್ಳದ್ದು ಶರಾವತಿಗೆ.

ಆದ್ದರಿಂದ ನನ್ನ ಕೋರಿಕೆ. ಯಾವ ದರ್ಜೆಯ ಪುಡಿ, ಎಷ್ಟು ತೂಕ, ಹೇಗೆ ಕಲಸುವುದು, ಎಷ್ಟು ದಿನ, ಯಾವ ಸ್ಥಿತಿಯ ಕೋಳಿಗೆ ಮಾಡಲೇಬಾರದು, ಆ ಅವಧಿಯ ಮೊಟ್ಟೆ, ಗೊಬ್ಬರಗಳನ್ನು ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆಸಿ ಹಂಚಿ. ಮಾಡಲೇಬಾರದು ಎನ್ನುವುದಾದರೆ ಅದನ್ನೂ ಬರೆದೇ ತಿಳಿಸಿ. ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ ಸತುವಿನ ಪರೀಕ್ಷೆ ಹೇಗೂ ಇದೆ. ಕೋಳಿ ಗೊಬ್ಬರ ಬೀಳುವ ತೋಟಗಳ ಮಾದರಿಯನ್ನು ಬೇರೆಯಾಗಿ ತೆಗೆಯುವಂತೆ ಕೃಷಿ ಇಲಾಖೆಗೆ ಹೇಳಿದರೆ ಸಾಕು.

ಇನ್ನೊಂದು ಮಾತು. ಗೋಧಿ ಬೂಸಾದಂಥ ಸತ್ವ ಕಡಿಮೆಯಿರುವ ಆಹಾರವನ್ನು ಹೊಟ್ಟೆ ತುಂಬ ಕೊಟ್ಟೇ ಪುಕ್ಕ ಉದುರಿಸುವ ವಿಧಾನ ಹೊರದೇಶಗಳಲ್ಲಿ ರೂಢಿಯಲ್ಲಿದೆ. ಭತ್ತದ ಸೀಮೆಯವರಾದ ನಮಗೆ ತೌಡಿಗೇನು ಬರ? ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿನವರು ಒಪ್ಪಿದರೆ ಪ್ರಯೋಗಕ್ಕೆ ನನ್ನ ಶೆಡ್ಡಿನ ಇನ್ನೂರು ಕೋಳಿಗಳನ್ನು ಕೊಡುತ್ತೇನೆ, ಆಹಾರದ ಖರ್ಚೂ ನನ್ನದೇ. ಈಗಿನ ತಂಡ ದೀಪಾವಳಿಯ ಹೊತ್ತಿಗೆ ಪುಕ್ಕ ಉದುರಿಸುವ ವಯಸ್ಸಿಗೆ ಬರುತ್ತದೆ. ಅಷ್ಟರೊಳಗೆ ಒಂದು ಉತ್ತರ ಬರಲಿ.

ಇತಿ,
ಸಾಗರ ತಾಲ್ಲೂಕಿನ ಒಬ್ಬ ಕೋಳಿ ಸಾಕಣೆದಾರ